ಅಳಿವೆ ಸೇರಿದ ನೀರನ್ನು ಗಾಳಿ ಎಲ್ಲಿಗೆ ಒಯ್ಯುತ್ತದೆ? ಸಕಲೇಶಪುರದ ಶಾಲೆಯಿಂದ ಒಂದು ಪ್ರಶ್ನೆ

ಸಕಲೇಶಪುರದ ವಿಜ್ಞಾನ ಮಿಸ್

ಎಲ್ಲರಿಗೂ ನಮಸ್ಕಾರ. ತಾಲ್ಲೂಕಿನ ಒಂದು ಹೈಸ್ಕೂಲಿನಲ್ಲಿ ಪಾಠ ಮಾಡುತ್ತೇನೆ. ಈ ಸಲದ ವಸ್ತುಪ್ರದರ್ಶನಕ್ಕೆ ಒಂಬತ್ತನೇ ತರಗತಿ ಮಕ್ಕಳು ನಮ್ಮ ಹೊಳೆಗಳ ನೀರು ಎಲ್ಲಿಗೆ ಹೋಗುತ್ತದೆ ಎಂಬ ವಿಷಯ ಹಿಡಿದಿದ್ದಾರೆ. ಹೇಮಾವತಿ ಪೂರ್ವಕ್ಕೆ ಹೋಗಿ ಕಾವೇರಿ ಸೇರುತ್ತಾಳೆ. ಎತ್ತಿನಹೊಳೆ, ಕೆಂಪುಹೊಳೆ ಎರಡೂ ಘಟ್ಟ ಇಳಿದು ಕುಮಾರಧಾರಾ ಸೇರುತ್ತವೆ. ಉಪ್ಪಿನಂಗಡಿಯಲ್ಲಿ ಅದು ನೇತ್ರಾವತಿಗೆ ಸೇರಿ ಮಂಗಳೂರಿನ ಅಳಿವೆ ಬಾಗಿಲಲ್ಲಿ ಕಡಲು ಮುಟ್ಟುತ್ತದೆ. ಇಷ್ಟು ನಕ್ಷೆ ಬರೆದಾಯಿತು.

ಆಮೇಲೆ ಒಬ್ಬ ಹುಡುಗಿ ಕೇಳಿದಳು. "ಮಿಸ್, ಸಮುದ್ರದ ನೀರು ದಿನಕ್ಕೆ ಎರಡು ಸಲ ಒಳಗೆ ಬರುತ್ತೆ, ಎರಡು ಸಲ ವಾಪಸ್ ಹೋಗುತ್ತೆ. ಹಾಗಾದ್ರೆ ನಮ್ಮ ನೀರು ನಿಜವಾಗ್ಲೂ ಹೊರಗೆ ಹೋಗೋದು ಯಾವಾಗ? ಜೋರಾಗಿ ಗಾಳಿ ಬೀಸಿದ್ರೆ ಏನಾಗುತ್ತೆ?" ಪಠ್ಯಪುಸ್ತಕದಲ್ಲಿ ಚಂದ್ರ ಇದ್ದಾನೆ, ಸೂರ್ಯ ಇದ್ದಾನೆ. ಗಾಳಿಯ ಮಾತೇ ಇಲ್ಲ. ಒಳ್ಳೆಯ ಪ್ರಶ್ನೆ ಅನ್ನಿಸಿತು, ಸುಮ್ನೆ ಏನೋ ಒಂದು ಹೇಳಿ ಕೂರಿಸಲು ಮನಸ್ಸು ಬರಲಿಲ್ಲ. ಕರಾವಳಿ ನೀರಿನ ವಿಷಯ ಗೊತ್ತಿರುವವರು ಇಲ್ಲಿದ್ದೀರಿ ಅಲ್ವಾ, ದಯವಿಟ್ಟು ಬಿಡಿಸಿ ಹೇಳಿ.

ಕಡೂರು ಕೆರೆ ಬಯಲು

ಮಿಸ್, ಕಡಲಿನ ವಿಷಯ ನನಗೆ ಗೊತ್ತಿಲ್ಲ. ಕೆರೆಯದ್ದು ಹೇಳಬಲ್ಲೆ. ನಮ್ಮೂರ ಕೆರೆಯಲ್ಲಿ ಅಂತರಗಂಗೆ ಬೆಳೆದಿದೆ. ಆಷಾಢದ ಗಾಳಿ ಶುರುವಾದರೆ ಅಷ್ಟೂ ಪಡುವಣ ದಿಕ್ಕಿನಿಂದ ಎದ್ದು ಮೂಡಣ ಏರಿಗೆ ಬಂದು ಅಮರಿಕೊಳ್ಳುತ್ತದೆ. ತೂಬಿನ ಬಾಯಿ ಕಟ್ಟಿಹೋಗುತ್ತದೆ. ಗಾಳಿ ತಿರುಗಿದ ಮೇಲೆ ಯಾರೂ ಕೈ ಹಚ್ಚದೆ ತಾನಾಗಿ ಬಿಟ್ಟು ಹೋಗುತ್ತದೆ. ತೂಬು ಎತ್ತುವವರು ಇದನ್ನು ನೋಡಿಯೇ ದಿನ ಗೊತ್ತು ಮಾಡುತ್ತಾರೆ. ಹಾಗಾಗಿ ಗಾಳಿಗೆ ನೀರನ್ನು ನಡೆಸುವ ಶಕ್ತಿ ಇದೆ ಅನ್ನುವುದರಲ್ಲಿ ನನಗೆ ಅನುಮಾನ ಇಲ್ಲ. ಆದರೆ ಬರೀ ಮೇಲಿನ ಪದರ ಹೋಗುತ್ತದೋ, ಇಡೀ ನೀರೇ ಹೋಗುತ್ತದೋ, ಅದು ತಿಳಿಯಬೇಕು.

ಹಾಸನ ಸಿವಿಲ್ ಕೊನೇ ವರ್ಷ

ಕೆರೆ ಬೇರೆ, ಕಡಲು ಬೇರೆ ಅಣ್ಣ. ಉಬ್ಬರ ಇಳಿತದ ನೀರು ಕಿರಿದಾದ ಬಾಗಿಲಲ್ಲಿ ಸೆಕೆಂಡಿಗೆ ಒಂದು ಮೀಟರ್, ಕೆಲವು ಕಡೆ ಅದಕ್ಕೂ ಜಾಸ್ತಿ ವೇಗದಲ್ಲಿ ನುಗ್ಗುತ್ತದೆ. ಗಾಳಿಯಿಂದ ಹುಟ್ಟುವ ಹರಿವು ಸೆಕೆಂಡಿಗೆ ಐದೋ ಹತ್ತೋ ಸೆಂಟಿಮೀಟರ್. ಹತ್ತರಲ್ಲಿ ಒಂದು ಪಾಲು ಕೂಡ ಕಷ್ಟ. ಅಳಿವೆಯ ಲೆಕ್ಕದಲ್ಲಿ ಗಾಳಿಯನ್ನು ಬಿಟ್ಟರೂ ದೊಡ್ಡ ವ್ಯತ್ಯಾಸ ಆಗಲಾರದು ಅನ್ನಿಸುತ್ತದೆ.

ಮೂಡಿಗೆರೆಯಿಂದ ಕಡಲಿಗೆ

ನಾನು ಓದಿದ್ದು ಕರಾವಳಿ ನೀರಿನ ವಿಷಯವನ್ನೇ, ಅದಕ್ಕೆ ಸ್ವಲ್ಪ ಉದ್ದ ಬರೆಯುತ್ತೇನೆ.

ತಮ್ಮ, ನೀನು ಕೊಟ್ಟ ಅಂಕಿ ಸರಿ. ಅದರಿಂದ ತೆಗೆದ ತೀರ್ಮಾನವನ್ನು ಒಪ್ಪಲಾರೆ. ಉಬ್ಬರದ ಹರಿವು ಎಷ್ಟೇ ಜೋರಿದ್ದರೂ ಆರು ಗಂಟೆ ಒಳಗೆ ಬಂದು ಆರು ಗಂಟೆ ಹೊರಗೆ ಹೋಗುತ್ತದೆ. ಒಂದು ಸುತ್ತಿಗೆ 12 ಗಂಟೆ 25 ನಿಮಿಷ. ಒಯ್ದದ್ದನ್ನು ಬಹುಪಾಲು ವಾಪಸ್ ತಂದು ಬಿಡುತ್ತದೆ. ಗಾಳಿಯ ಹರಿವು ಹಾಗಲ್ಲ. ಗಾಳಿ ಒಂದೇ ದಿಕ್ಕಿಗೆ ಬೀಸುವಷ್ಟು ಹೊತ್ತು ಅದು ಒಂದೇ ದಿಕ್ಕಿಗೆ ತಳ್ಳುತ್ತಲೇ ಇರುತ್ತದೆ. ಸೆಕೆಂಡಿಗೆ ಬರೀ 5 ಸೆಂಟಿಮೀಟರ್ ಇರಲಿ, ಒಂದು ದಿನಕ್ಕೆ ಗುಣಿಸಿ ನೋಡು. ನಾಲ್ಕು ಕಿಲೋಮೀಟರಿಗೂ ಜಾಸ್ತಿ ಆಗುತ್ತದೆ. ಬಂದು ಹೋಗುವ ನೀರನ್ನೆಲ್ಲ ಕಳೆದ ಮೇಲೆ ಉಳಿಯುವ ಹರಿವು ಇದೆಯಲ್ಲ, ಕೆಸರು ಎಲ್ಲಿ ಕೂರಬೇಕು, ಸಿಹಿನೀರು ಎಷ್ಟು ದಿನ ಒಳಗೆ ನಿಲ್ಲಬೇಕು, ಮೀನಿನ ಮರಿ ಯಾವ ಕಡೆ ಹೋಗಬೇಕು ಅನ್ನುವುದನ್ನು ತೀರ್ಮಾನಿಸುವುದು ಅದು. ಆಳ ಕಡಿಮೆ ಇರುವ ಕಡೆ ಆ ಉಳಿಕೆ ಹರಿವಿನ ಯಜಮಾನ ಗಾಳಿ.

ಇದನ್ನು ಚೆನ್ನಾಗಿ ಅಳೆದು ನೋಡಿದ ಜಾಗ ವಾಡನ್ ಸಮುದ್ರ. ನೆದರ್ಲೆಂಡ್ಸ್, ಜರ್ಮನಿ, ಡೆನ್ಮಾರ್ಕ್ ಮೂರೂ ದೇಶಗಳ ಅಂಚಿನಲ್ಲಿ ಸುಮಾರು 500 ಕಿಲೋಮೀಟರ್ ಉದ್ದಕ್ಕೆ ಹಬ್ಬಿದೆ. ಹೊರಗೆ ಸಾಲಾಗಿ ಮರಳಿನ ದ್ವೀಪಗಳು, ಒಳಗೆ ಆಳವಿಲ್ಲದ ನೀರು. ಇಳಿತ ಬಂದರೆ ಎಷ್ಟೋ ದೂರ ಕೆಸರು ಬಯಲು ತೆರೆದುಕೊಳ್ಳುತ್ತದೆ. ಎರಡು ದ್ವೀಪಗಳ ನಡುವಿನ ಕಂಡಿಯೇ ಸಮುದ್ರದ ಬಾಗಿಲು. ಅಲ್ಲಿ ಮಾತ್ರ ಆಳವಾದ ಕಾಲುವೆ ಇರುತ್ತದೆ, 20 ಮೀಟರಿಗೂ ಹೆಚ್ಚು.

ಪಶ್ಚಿಮದ ತುದಿಯಲ್ಲಿ ಟೆಕ್ಸೆಲ್ ಅನ್ನುವ ದ್ವೀಪವಿದೆ. ಅದರ ದಕ್ಷಿಣದ ಬಾಗಿಲಿನ ಹೆಸರು ಮಾರ್ಸ್‌ಡೀಪ್. ಒಂದು ಉಬ್ಬರಕ್ಕೆ ಆ ಬಾಗಿಲಿನಿಂದ ಸುಮಾರು 100 ಕೋಟಿ ಘನ ಮೀಟರ್ ನೀರು ಒಳಗೆ ಬರುತ್ತದೆ. ನಮ್ಮ ಗೊರೂರಿನ ಹೇಮಾವತಿ ಜಲಾಶಯ ತುಂಬಿದಾಗ 37 ಟಿಎಂಸಿ, ಹೆಚ್ಚುಕಡಿಮೆ ಅಷ್ಟೇ ನೀರು. ಅಂದರೆ ಆರು ಗಂಟೆಯಲ್ಲಿ ಒಂದು ಗೊರೂರು ಡ್ಯಾಮ್ ಒಳಗೆ, ಮುಂದಿನ ಆರು ಗಂಟೆಯಲ್ಲಿ ಒಂದು ಗೊರೂರು ಡ್ಯಾಮ್ ಹೊರಗೆ. ಇಷ್ಟು ದೊಡ್ಡ ಓಡಾಟದಲ್ಲಿ ಉಳಿಕೆ ಹರಿವು ಸಣ್ಣ ಪಾಲು. ಆ ಸಣ್ಣ ಪಾಲಿನ ದಿಕ್ಕನ್ನೇ ಗಾಳಿ ತಿರುಗಿಸಿಬಿಡುತ್ತದೆ. ಗಾಳಿ ಇಲ್ಲದಿದ್ದರೆ ನೀರು ಈಶಾನ್ಯಕ್ಕಿರುವ ಫ್ಲೀ ಅನ್ನುವ ಬಾಗಿಲಿನಿಂದ ಒಳಗೆ ಬಂದು ಮಾರ್ಸ್‌ಡೀಪಿನಿಂದ ಹೊರಗೆ ಹೋಗುವ ಕಡೆಗೆ ವಾಲುತ್ತದೆ. ಫ್ಲೀ ಕಡೆ ಉಬ್ಬರದ ಎತ್ತರ ಜಾಸ್ತಿ ಇರುವುದೇ ಕಾರಣ. ನೈಋತ್ಯದಿಂದ ಬಿರುಗಾಳಿ ಬಂತೋ, ಲೆಕ್ಕ ಉಲ್ಟಾ. ಮಾರ್ಸ್‌ಡೀಪಿನಿಂದ ಒಳಗೆ, ಫ್ಲೀ ಕಡೆಯಿಂದ ಹೊರಗೆ.

ಇದೆಲ್ಲ ಬರೀ ಕಂಪ್ಯೂಟರಿನ ಲೆಕ್ಕ ಅಂದುಕೊಳ್ಳಬೇಡಿ. ಟೆಕ್ಸೆಲ್ ಮತ್ತು ಎದುರು ದಡದ ಡೆನ್ ಹೆಲ್ಡರ್ ಊರಿನ ನಡುವೆ, ಇದೇ ಮಾರ್ಸ್‌ಡೀಪಿಗೆ ಅಡ್ಡಲಾಗಿ, ಜನರನ್ನು, ಕಾರುಗಳನ್ನು ದಾಟಿಸುವ ದೊಡ್ಡ ಫೆರಿ ಇದೆ. 1998ರಿಂದ ಅದರ ತಳಕ್ಕೆ ಶಬ್ದದ ಅಲೆ ಬಿಟ್ಟು ನೀರಿನ ವೇಗ ಅಳೆಯುವ ಉಪಕರಣ ಕಟ್ಟಿದರು. ಫೆರಿ ದಿನವಿಡೀ ಆ ದಡದಿಂದ ಈ ದಡಕ್ಕೆ ಹೋಗುತ್ತಲೇ ಇರುತ್ತದೆ. ಪ್ರತಿ ಸಲ ದಾಟುವಾಗಲೂ ಬಾಗಿಲಿನ ಇಡೀ ಅಡ್ಡ ಅಗಲದ ಹರಿವು ಸಿಗುತ್ತದೆ. ಬೇರೆ ಹಡಗು ಬೇಡ, ಬೇರೆ ಖರ್ಚು ಬೇಡ. ನನಗೆ ತುಂಬಾ ಇಷ್ಟವಾದ ಉಪಾಯ ಇದು.

ಕಡೂರು ಕೆರೆ ಬಯಲು

ಆಳ ಕಡಿಮೆ ಇದ್ದರೆ ಗಾಳಿಗೆ ಬಲ ಯಾಕೆ ಜಾಸ್ತಿ? ಗಾಳಿ ಅದೇ, ನೀರೂ ಅದೇ ಅಲ್ವಾ?

ಅರಸೀಕೆರೆ ಲೆಕ್ಕದ ಮೇಷ್ಟ್ರು

ಇದಕ್ಕೆ ನಾನು ಉತ್ತರ ಕೊಡುತ್ತೇನೆ. ನಿವೃತ್ತನಾದ ಮೇಲೆ ಇಂಥ ಲೆಕ್ಕ ಮಾಡುವುದೇ ನನಗೆ ಸಂತೋಷ.

ಬಸಿಗೆ ಸುರಿದ ಕಾಫಿಯನ್ನೂ ಲೋಟದ ಕಾಫಿಯನ್ನೂ ಒಂದೇ ಸಮ ಊದಿ ನೋಡಿ. ಬಸಿಯಲ್ಲಿ ಕಾಫಿ ಪೂರ್ತಿ ಓಡುತ್ತದೆ. ಲೋಟದಲ್ಲಿ ಮೇಲೆ ಮಾತ್ರ ಅಲುಗುತ್ತದೆ. ಗಾಳಿ ಕೊಡುವ ತಳ್ಳು ಮೇಲ್ಮೈಯ ಒಂದು ಚದರ ಮೀಟರಿಗೆ ಇಷ್ಟು ಅಂತ ಇರುತ್ತದೆ. ಕೆಳಗೆ ಎಷ್ಟು ನೀರಿದೆಯೋ ಅಷ್ಟೂ ಅದನ್ನು ಹಂಚಿಕೊಳ್ಳಬೇಕು. ನೀರು ಕಡಿಮೆ ಇದ್ದರೆ ಪಾಲು ಜಾಸ್ತಿ.

ಈಗ ಅಂಕಿ. ತಳ್ಳು ಗಾಳಿಯ ವೇಗದ ವರ್ಗದಂತೆ ಏರುತ್ತದೆ. ಸೆಕೆಂಡಿಗೆ 10 ಮೀಟರ್, ಅಂದರೆ ಗಂಟೆಗೆ 36 ಕಿಲೋಮೀಟರ್ ಗಾಳಿ ಇದ್ದರೆ ಒಂದು ಚದರ ಮೀಟರಿಗೆ ಸುಮಾರು 0.15 ನ್ಯೂಟನ್. ತೀರಾ ಸಣ್ಣದು. ಆದರೆ ಕಿಲೋಮೀಟರುಗಟ್ಟಲೆ ನೀರಿನ ಮೇಲೆ ಕೂಡುತ್ತಾ ಹೋಗುತ್ತದೆ. ನೀರು ಗಾಳಿ ಹೋಗುವ ದಿಕ್ಕಿನ ದಡಕ್ಕೆ ಸರಿದು ಅಲ್ಲಿ ಮಟ್ಟ ಏರುತ್ತದೆ. ಏರಿದ ನೀರು ವಾಪಸ್ ಒತ್ತುತ್ತದೆ. ಎರಡೂ ಸಮ ಆದಾಗ ಮೇಲ್ಮೈ ಓರೆಯಾಗಿ ನಿಲ್ಲುತ್ತದೆ. 2 ಮೀಟರ್ ಆಳದ ನೀರಿನಲ್ಲಿ ಆ ಓರೆ ಕಿಲೋಮೀಟರಿಗೆ ಸುಮಾರು 8 ಮಿಲಿಮೀಟರ್. ಹತ್ತು ಕಿಲೋಮೀಟರ್ ಉದ್ದ ಇದ್ದರೆ 8 ಸೆಂಟಿಮೀಟರ್. ಅದೇ 20 ಮೀಟರ್ ಆಳ ಇದ್ದರೆ ಹತ್ತು ಕಿಲೋಮೀಟರಿಗೂ ಒಂದು ಸೆಂಟಿಮೀಟರ್ ಇಲ್ಲ. ಗಾಳಿ ಎರಡು ಪಟ್ಟಾದರೆ ಏರಿಕೆ ನಾಲ್ಕು ಪಟ್ಟು, ಅಂದರೆ 2 ಮೀಟರ್ ನೀರಿನಲ್ಲಿ 30 ಸೆಂಟಿಮೀಟರ್ ದಾಟುತ್ತದೆ. ನಿಜದಲ್ಲಿ ಇನ್ನೂ ಸ್ವಲ್ಪ ಜಾಸ್ತಿಯೇ ಆಗುತ್ತದೆ. ಅಲೆ ಎದ್ದು ಮೇಲ್ಮೈ ಒರಟಾದಷ್ಟೂ ಗಾಳಿಗೆ ಹಿಡಿತ ಸಿಗುತ್ತದಲ್ಲ.

ಕಡೂರಿನವರೇ, ನಿಮ್ಮ ಕೆರೆ ಎರಡು ಕಿಲೋಮೀಟರ್ ಇದ್ದರೆ ಏರಿ ಕಡೆ ಒಂದೂವರೆ ಸೆಂಟಿಮೀಟರ್ ಏರಬಹುದು. ಅಲೆಗಳ ನಡುವೆ ಅದು ಕಣ್ಣಿಗೆ ಕಾಣುವುದಿಲ್ಲ. ಅಂತರಗಂಗೆ ಓಡುವುದು ಮೇಲಿನ ಪದರದ ಓಟಕ್ಕೆ. ಆ ಪದರ ಗಾಳಿಯ ವೇಗದ ಶೇಕಡಾ 3ರಷ್ಟು ವೇಗದಲ್ಲಿ ಹೋಗುತ್ತದೆ. ಎಲೆ ನೀರಿನಿಂದ ಮೇಲಿರುವುದರಿಂದ ಅದನ್ನು ಗಾಳಿ ನೇರವಾಗಿಯೂ ದೂಡುತ್ತದೆ.

ದೊಡ್ಡ ಕೆರೆಯಲ್ಲಿ ಈ ಲೆಕ್ಕ ಜೀವ ತೆಗೆದದ್ದೂ ಇದೆ. ಅಮೆರಿಕದ ಫ್ಲಾರಿಡಾದಲ್ಲಿ ಓಕಿಚೋಬಿ ಅನ್ನುವ ಸರೋವರ. ವಿಸ್ತಾರ ಬಹಳ, ಆಳ ಬರೀ ಮೂರು ಮೀಟರಿನ ಆಸುಪಾಸು. 1928ರ ಸೆಪ್ಟೆಂಬರಿನ ಚಂಡಮಾರುತ ನೀರನ್ನೆಲ್ಲ ದಕ್ಷಿಣದ ದಡಕ್ಕೆ ತಳ್ಳಿತು. ಮಣ್ಣಿನ ಏರಿ ಒಡೆಯಿತು. ಸುಮಾರು 2,500 ಜನ ಸತ್ತರು. ಹೆಚ್ಚಿನವರು ಹೊಲಗಳಲ್ಲಿ ದುಡಿಯುವ ಬಡ ಕೂಲಿಗಳು.

ಹೊಳೆನರಸೀಪುರದ ಸೊಸೆ

ನನ್ನ ತವರು ಮಂಗಳೂರಿನ ಬೆಂಗ್ರೆ ಕಡೆ. ಮದುವೆಯಾಗಿ ಇಲ್ಲಿಗೆ ಬಂದೆ. ಲೆಕ್ಕ ನನಗೆ ಬಾರದು. ಆದರೆ ನಮ್ಮ ಮನೆಯ ಹಿಂದೆಯೇ ಗುರುಪುರ ಹೊಳೆ. ಬೆಂಗ್ರೆಯ ಮರಳು ಪಟ್ಟಿಯ ಒಳಬದಿಯಲ್ಲಿ ಅದು ಉತ್ತರದಿಂದ ದಕ್ಷಿಣಕ್ಕೆ ಹರಿದು ಅಳಿವೆ ಬಾಗಿಲ ಹತ್ತಿರ ನೇತ್ರಾವತಿಯನ್ನು ಸೇರುತ್ತದೆ. ಎರಡು ಹೊಳೆಗೂ ಕಡಲಿಗೆ ಒಂದೇ ಬಾಗಿಲು.

ಬೇಸಿಗೆಯಲ್ಲಿ ಬೆಳಿಗ್ಗೆ ನೀರು ಕನ್ನಡಿ ಹಾಗೆ ಇರುತ್ತದೆ. ಮಧ್ಯಾಹ್ನ ಊಟದ ಹೊತ್ತಿಗೆ ವಾಯುವ್ಯದಿಂದ ಕಡಲ ಗಾಳಿ ಏಳುತ್ತದೆ. ಆಗ ನಡೆಯುವುದನ್ನು ಅಪ್ಪ ನನಗೆ ತೋರಿಸಿದ್ದರು. ಉಬ್ಬರ ಆಗತಾನೆ ಶುರುವಾಗಿರುತ್ತದೆ. ನಡುವಿನ ಆಳದಲ್ಲಿ ನೀರು ಒಳಗೆ ನುಗ್ಗುತ್ತಿರುತ್ತದೆ. ದಡದ ಹತ್ತಿರ, ಮೊಣಕಾಲುದ್ದ ನೀರಿರುವ ಕಡೆ, ನೊರೆ, ಕಸ, ತೆಂಗಿನ ಸಿಪ್ಪೆ ಇನ್ನೂ ಬಾಗಿಲಿನ ಕಡೆಗೇ ಹೋಗುತ್ತಿರುತ್ತದೆ. ಎರಡರ ನಡುವೆ ನೊರೆಯ ಒಂದು ಗೆರೆ ಉದ್ದಕ್ಕೆ ಎಳೆದಂತೆ ನಿಲ್ಲುತ್ತದೆ. ಮೀನು ಆ ಗೆರೆಯ ಹತ್ತಿರ ಸಿಗುತ್ತದೆ ಅಂತ ಅಪ್ಪ ದೋಣಿಯನ್ನು ಅಲ್ಲಿಗೇ ಒಯ್ಯುತ್ತಿದ್ದರು.

ಇನ್ನೊಂದು. ಬಲೆ ಬಿಟ್ಟಾಗ ಮೇಲಿನ ಬೆಂಡುಗಳು ಗಾಳಿ ಹೋಗುವ ಕಡೆ ಎಳೆಯುತ್ತವೆ. ಕೆಳಗಿನ ಸೀಸದ ಗುಂಡುಗಳು ಎದುರು ದಿಕ್ಕಿಗೆ ಹೋಗಿರುತ್ತವೆ. ಬಲೆ ಓರೆಯಾಗಿ, ಹೊಟ್ಟೆ ಉಬ್ಬಿಕೊಂಡು ನಿಂತಿರುತ್ತದೆ. ಕೈಯಲ್ಲಿ ಹಗ್ಗ ಹಿಡಿದವರಿಗೆ ಅದು ಗೊತ್ತಾಗುತ್ತದೆ. "ಅಡಿಯ ನೀರು ಬೇರೆ ನಡೆಯುತ್ತಿದೆ" ಅನ್ನುತ್ತಿದ್ದರು ಅಪ್ಪ. ಇಷ್ಟು ವರ್ಷದ ಮೇಲೆ ಇಲ್ಲಿ ಅದರ ಕಾರಣ ಓದುತ್ತಿದ್ದೇನೆ.

ಮೂಡಿಗೆರೆಯಿಂದ ಕಡಲಿಗೆ

ಅಕ್ಕ, ನೀವು ಬರೆದದ್ದು ಚಿನ್ನದಂಥ ಮಾಹಿತಿ. ಮಿಸ್, ಇದನ್ನು ಮಕ್ಕಳಿಗೆ ಹಾಗೇ ಓದಿ ಹೇಳಿ.

ಕಡೂರಿನ ಅಣ್ಣ ಮೊದಲೇ ಕೇಳಿದ್ದರಲ್ಲ, ಮೇಲಿನ ಪದರ ಹೋಗುತ್ತದೋ ಇಡೀ ನೀರೋ ಅಂತ. ಉತ್ತರ ಅಕ್ಕನ ಅಪ್ಪನ ಬಲೆಯಲ್ಲೇ ಇದೆ. ಗಾಳಿ ದೂಡಿದ ನೀರಿಗೆ ಮುಂದೆ ದಡ ಅಡ್ಡ ಬಂದರೆ ಅದು ವಾಪಸ್ ಬರಲೇಬೇಕು. ವಾಪಸ್ ಬರಲು ಎರಡು ದಾರಿ. ಒಂದು, ಅಡಿಯಲ್ಲಿ. ಇನ್ನೊಂದು, ಪಕ್ಕದ ಆಳದ ಕಾಲುವೆಯಲ್ಲಿ. ಗಾಳಿ ಹುಟ್ಟಿಸುವ ಓರೆ ಎಲ್ಲ ಕಡೆ ಒಂದೇ, ಆದರೆ ಅದರ ಒತ್ತಡ ಆಳ ಇರುವ ಕಡೆ ಜಾಸ್ತಿ ನೀರಿನ ಮೇಲೆ ಕೆಲಸ ಮಾಡುತ್ತದೆ. ಆಳವಿಲ್ಲದ ಕಡೆ ಗಾಳಿ ಗೆಲ್ಲುತ್ತದೆ, ಆಳದಲ್ಲಿ ಒತ್ತಡ ಗೆಲ್ಲುತ್ತದೆ. ಹಾಗಾಗಿ ದಿಬ್ಬಗಳ ಮೇಲೆ ನೀರು ಗಾಳಿಯ ಜೊತೆ ಹೋಗುತ್ತದೆ, ಕಾಲುವೆಯಲ್ಲಿ ಗಾಳಿಗೆ ಎದುರಾಗಿ ಬರುತ್ತದೆ. ನಕ್ಷೆಯಲ್ಲಿ ನೋಡಿದರೆ ದೊಡ್ಡ ಸುಳಿಗಳು. ಬೆಂಗ್ರೆಯಲ್ಲಿ ಉಬ್ಬರವೂ ಜೊತೆಗೆ ಸೇರಿರುವುದರಿಂದ ಅಲ್ಲಿ ವ್ಯತ್ಯಾಸ ಇನ್ನೂ ಎದ್ದು ಕಾಣುತ್ತದೆ.

ಇಲ್ಲಿಂದ ಮುಖ್ಯ ವಿಷಯಕ್ಕೆ ಬರೋಣ. ಒಂದು ಬಾಗಿಲಿನ ಅಳಿವೆಗೂ ಎರಡು ಬಾಗಿಲಿನ ಅಳಿವೆಗೂ ಅಜಗಜಾಂತರ. ಮಂಗಳೂರಿನದ್ದು ಒಂದೇ ಬಾಗಿಲು. ಅಲ್ಲಿ ಗಾಳಿ ಒಳಗಿನ ನೀರನ್ನು ಕಲಕಬಹುದು, ಸುತ್ತಿಸಬಹುದು, ಮಟ್ಟ ಏರಿಸಿ ಇಳಿಸಬಹುದು. ಆದರೆ ತಿಂಗಳ ಲೆಕ್ಕದಲ್ಲಿ ಹೊರಗೆ ಹೋಗುವ ನೀರು ಹೊಳೆ ತಂದಷ್ಟೇ. ಎರಡು ಬಾಗಿಲು ಇದ್ದರೆ ಗಾಳಿಗೆ ಹೆದ್ದಾರಿ ಸಿಕ್ಕಿದ ಹಾಗೆ. ಒಂದರಿಂದ ಒಳಗೆ ಎಳೆದು ಇನ್ನೊಂದರಿಂದ ಹೊರಗೆ ಕಳಿಸುತ್ತದೆ. ನೀರು ಅಡ್ಡಹಾಯ್ದು ಹೋಗುತ್ತದೆ. ವಾಡನ್ ಸಮುದ್ರದಲ್ಲಿ ಆಗುವುದು ಇದು.

ಅಲ್ಲಿ ಎರಡು ಬಾಗಿಲುಗಳ ಉಬ್ಬರ ಒಳಗೆ ಬಂದು ಸಂಧಿಸುವ ಜಾಗ ಇರುತ್ತದೆ. ಆ ಜಾಗದಲ್ಲಿ ಹರಿವು ಮಂದ, ಕೆಸರು ಕೂತು ದಿಬ್ಬ ಆಗುತ್ತದೆ. ಘಟ್ಟದ ನೆತ್ತಿಯಲ್ಲಿ ಮಳೆನೀರು ಪೂರ್ವಕ್ಕೆ ಪಶ್ಚಿಮಕ್ಕೆ ಒಡೆಯುತ್ತದಲ್ಲ, ಅದೇ ರೀತಿಯ ಜಲವಿಭಜಕ, ಆದರೆ ನೀರಿನೊಳಗೆ. ಗಾಳಿ ಇಲ್ಲದ ದಿನ ಆ ದಿಬ್ಬ ದಾಟಿ ನೀರು ಹೋಗುವುದು ಕಡಿಮೆ. ಬಿರುಗಾಳಿಯಲ್ಲಿ ಮಟ್ಟ ಏರಿ, ದಿಬ್ಬದ ಮೇಲೆ ಆಳ ಸಿಕ್ಕಿ, ನೀರು ಅದನ್ನು ದಾಟಿ ಪಕ್ಕದ ಕೊಳಕ್ಕೆ ಹರಿಯುತ್ತದೆ.

ವೆನಿಸ್ಸಿನ ಹಿನ್ನೀರಿಗೆ ಮೂರು ಬಾಗಿಲು. ಈಶಾನ್ಯದಿಂದ ಬೋರಾ ಗಾಳಿ ಬೀಸಿದರೆ ಉತ್ತರದ ಲಿಡೋ ಬಾಗಿಲಿನಿಂದ ಒಳಗೆ ಬಂದ ನೀರು ದಕ್ಷಿಣದ ಕಿಯೋಜಾದಿಂದ ಹೊರಗೆ ಹೋಗುತ್ತದೆ. ಆಗ್ನೇಯದ ಸಿರೊಕ್ಕೊ ಗಾಳಿಯದ್ದು ಬೇರೆ ರೀತಿ. ಅದು ಇಡೀ ಏಡ್ರಿಯಾಟಿಕ್ ಸಮುದ್ರವನ್ನೇ ಉತ್ತರಕ್ಕೆ ಒತ್ತಿ ಬಾಗಿಲ ಹೊರಗಿನ ಮಟ್ಟವನ್ನು ಏರಿಸುತ್ತದೆ. 1966ರ ನವೆಂಬರ್ 4ರಂದು 194 ಸೆಂಟಿಮೀಟರ್ ಏರಿ ಊರು ಮುಳುಗಿದ್ದರಲ್ಲಿ ಆ ಗಾಳಿಯ ಪಾಲು ದೊಡ್ಡದು. ಅಂದರೆ ಒಳಗಿನ ಗಾಳಿ ಒಂದು ಕೆಲಸ ಮಾಡುತ್ತದೆ, ಹೊರಗೆ ದೂರದಲ್ಲಿ ಬೀಸಿದ ಗಾಳಿ ಇನ್ನೊಂದು. ಎರಡನ್ನೂ ಲೆಕ್ಕಕ್ಕೆ ಹಿಡಿಯಬೇಕು.

ನಮ್ಮ ಹತ್ತಿರದಲ್ಲಿ ಎರಡು ಬಾಗಿಲು ನೋಡಬೇಕು ಅಂದರೆ ಕೊಚ್ಚಿಯ ಹಿನ್ನೀರು. ಒಂದು ಬಾಗಿಲು ಕೊಚ್ಚಿಯಲ್ಲಿ, ಇನ್ನೊಂದು ಉತ್ತರಕ್ಕೆ ಅಳಿಕ್ಕೋಡ್‌ನಲ್ಲಿ.

ಬಾಳೆಹೊನ್ನೂರು ತೋಟ

ಎತ್ತಿನಹೊಳೆಯಿಂದ 24 ಟಿಎಂಸಿ ಪೂರ್ವಕ್ಕೆ ತಿರುಗಿಸುವ ಯೋಜನೆ ಇದೆಯಲ್ಲ. ಅದರಿಂದ ಅಳಿವೆಗೆ ಏನಾಗುತ್ತದೆ ಅನ್ನುವುದನ್ನೂ ಇಲ್ಲಿ ಮಾತಾಡಬೇಕು. ನೀರು ನಮ್ಮದು ಅನ್ನುವವರು ಒಂದು ಕಡೆ, ಘಟ್ಟ ಹಾಳಾಯಿತು ಅನ್ನುವವರು ಇನ್ನೊಂದು ಕಡೆ. ಅಳಿವೆಯ ಮಾತು ಆಡುವವರು ಕಡಿಮೆ.

ನಿರ್ವಾಹಕರು

ಬಾಳೆಹೊನ್ನೂರಿನವರೇ, ಆ ಯೋಜನೆಯ ಪರ ವಿರೋಧಕ್ಕೆ ಇಲ್ಲಿ ಬೇರೆ ಎಳೆ ಇದೆ. ದಯವಿಟ್ಟು ಅಲ್ಲಿ ಬರೆಯಿರಿ. ಇದು ಮಕ್ಕಳ ಪ್ರಶ್ನೆ. ನೀರಿನ ನಡೆಗೆ ಸಂಬಂಧಪಟ್ಟಷ್ಟು ಇಲ್ಲೇ ಇರಲಿ.

ಮೂಡಿಗೆರೆಯಿಂದ ಕಡಲಿಗೆ

ನೀರಿನ ನಡೆಯಷ್ಟೇ ಹೇಳುತ್ತೇನೆ. ಮಳೆಗಾಲದಲ್ಲಿ ನೇತ್ರಾವತಿ ತುಂಬಿ ಬರುವಾಗ ಅಳಿವೆಯಲ್ಲಿ ಹೊಳೆಯದ್ದೇ ದರ್ಬಾರು. ಸಿಹಿನೀರು ಬಾಗಿಲು ದಾಟಿ ಕಡಲಿನೊಳಗೂ ಕೆಂಪಗೆ ಹರಡುತ್ತದೆ. ಆ ಹುಡುಗಿಯ ಪ್ರಶ್ನೆಗೆ ಅರ್ಧ ಉತ್ತರ ಇದು. ಆಷಾಢದಲ್ಲಿ ಸಕಲೇಶಪುರದ ಮಳೆ ಹೆಚ್ಚು ತಡ ಮಾಡದೆ ಹೊರಗೆ ಹೋಗುತ್ತದೆ. ಬೇಸಿಗೆಯಲ್ಲಿ ತುಂಬೆ ಕಿಂಡಿ ಅಣೆಕಟ್ಟಿನಲ್ಲಿ ಮಂಗಳೂರಿನ ಕುಡಿಯುವ ನೀರಿಗಾಗಿ ತಡೆದಿರುತ್ತಾರೆ. ಕೆಳಗೆ ಹೋಗುವುದು ಅತ್ಯಲ್ಪ. ಹೊಳೆಯ ತಳ್ಳು ಇಲ್ಲದ ಆ ತಿಂಗಳುಗಳಲ್ಲಿ ಉಬ್ಬರ ಮತ್ತು ಮಧ್ಯಾಹ್ನದ ಗಾಳಿ ಸೇರಿ ಒಳಗಿನ ನೀರನ್ನು ಕಲಕುತ್ತಾ, ಸ್ವಲ್ಪ ಸ್ವಲ್ಪವಾಗಿ ಬದಲಾಯಿಸುತ್ತವೆ. ಚರಂಡಿಯ ಕೊಳಕು ಬಂದು ಸೇರಿದರೆ ಅದು ಎಷ್ಟು ದಿನ ಒಳಗೇ ಸುತ್ತುತ್ತದೆ ಅನ್ನುವುದು ಆಗ ದೊಡ್ಡ ಪ್ರಶ್ನೆ.

ಹಾಸನ ಸಿವಿಲ್ ಕೊನೇ ವರ್ಷ

ಅಣ್ಣ, ನಿಮ್ಮ ಮಾತು ಈಗ ಹಿಡಿತಕ್ಕೆ ಬಂತು. ಒಂದು ಸಂದೇಹ ಉಳಿದಿದೆ. ಲೆಕ್ಕಕ್ಕೆ ವರ್ಷದ ಸರಾಸರಿ ಗಾಳಿ ಹಾಕಿದರೆ ಸಾಕಲ್ವಾ? ಹವಾಮಾನದ ಅಂಕಿ ಹಾಗೇ ಸಿಗುತ್ತದೆ.

ಅರಸೀಕೆರೆ ಲೆಕ್ಕದ ಮೇಷ್ಟ್ರು

ಸಾಲದು ಮಗು. ವರ್ಗ ಇದೆ ಅಂದೆನಲ್ಲ, ಅಲ್ಲೇ ಪೇಚು. ಸೆಕೆಂಡಿಗೆ 15 ಮೀಟರ್ ಗಾಳಿ ಒಂದು ದಿನ ಬೀಸಿದರೆ, 5 ಮೀಟರ್ ಗಾಳಿ ಒಂಬತ್ತು ದಿನ ಬೀಸಿದಷ್ಟು ತಳ್ಳು. ಹತ್ತು ದಿನದ ಸರಾಸರಿ ತೆಗೆದರೆ 6 ಮೀಟರ್ ಬರುತ್ತದೆ. 6ರ ವರ್ಗ 36, ಹತ್ತು ದಿನಕ್ಕೆ 360. ನಿಜವಾದ ಮೊತ್ತ 225 ಮತ್ತು 225, ಒಟ್ಟು 450. ಐದರಲ್ಲಿ ಒಂದು ಪಾಲು ಸರಾಸರಿಯಲ್ಲೇ ಕಳೆದುಹೋಯಿತು. ದಿಕ್ಕು ಬೇರೆ ಬೇರೆ ಇದ್ದರಂತೂ ಪೂರ್ತಿ ಎಡವಟ್ಟು. ಒಂಬತ್ತು ದಿನ ಎಳೆದದ್ದನ್ನು ಒಂದೇ ದಿನದ ಬಿರುಗಾಳಿ ಎದುರು ದಿಕ್ಕಿಗೆ ಒಯ್ದು ಸರಿತೂಗಿಸಿಬಿಡುತ್ತದೆ. ಸರಾಸರಿ ನೋಡಿದವನಿಗೆ ಆ ಬಿರುಗಾಳಿ ಕಾಣುವುದೇ ಇಲ್ಲ.

ಮೂಡಿಗೆರೆಯಿಂದ ಕಡಲಿಗೆ

ಮೇಷ್ಟ್ರು ಹೇಳಿದ್ದಕ್ಕೆ ನನ್ನದೂ ಸಹಿ. ವಾಡನ್ ಸಮುದ್ರದಲ್ಲೂ ವರ್ಷದ ಸರಾಸರಿ ಹರಿವನ್ನು ಒಂದು ಅಂಕಿಯಾಗಿ ಬರೆದರೆ ಅದು ಯಾವ ದಿನದ್ದೂ ಆಗಿರುವುದಿಲ್ಲ. ಸಾಮಾನ್ಯ ದಿನ ಒಂದು ದಿಕ್ಕು, ಬಿರುಗಾಳಿಯ ದಿನ ಇನ್ನೊಂದು. ಗಾಳಿಯನ್ನು ಗಂಟೆ ಗಂಟೆಗೆ ಹಾಕಿಯೇ ಲೆಕ್ಕ ಮಾಡಬೇಕು. ಅದಕ್ಕೇ ನನಗೆ ಅಳಿವೆಯ ವರದಿಗಳಲ್ಲಿ "ಸರಾಸರಿ ಹರಿವು" ಅಂತ ಒಂದೇ ಬಾಣದ ಗುರುತು ನೋಡಿದರೆ ಬೇಸರ ಆಗುತ್ತದೆ. ಅದರ ಮೇಲೆ ಕೊಳವೆ ಎಲ್ಲಿ ಬಿಡಬೇಕು, ಹೂಳು ಎಲ್ಲಿ ಹಾಕಬೇಕು ಅಂತ ತೀರ್ಮಾನ ಮಾಡುತ್ತಾರೆ.

ತಮ್ಮ, ನೀನು ಸಿವಿಲ್ ಓದುವವನು, ನಿನಗೆ ಒಂದು ಕಥೆ. ಈಗ ಹೇಳಿದ ವಾಡನ್ ಸಮುದ್ರದ ದಕ್ಷಿಣಕ್ಕೆ ಮೊದಲು ಸಾಯ್ಡರ್ ಜೀ ಅನ್ನುವ ದೊಡ್ಡ ಕೊಲ್ಲಿ ಇತ್ತು. 1916ರಲ್ಲಿ ಅಲ್ಲಿ ಪ್ರವಾಹ ಬಂದಿತ್ತು. ಕೊಲ್ಲಿಗೆ ಅಡ್ಡ 32 ಕಿಲೋಮೀಟರ್ ಕಟ್ಟೆ ಹಾಕುವುದು ಅಂತ ತೀರ್ಮಾನವಾಯಿತು. ಕಟ್ಟೆ ಹಾಕಿದರೆ ಹೊರಗೆ ಉಳಿಯುವ ನೀರಿನಲ್ಲಿ ಉಬ್ಬರ, ಬಿರುಗಾಳಿಯ ಮಟ್ಟ ಎಷ್ಟು ಏರುತ್ತದೆ? ಇದನ್ನು ಕಂಡುಹಿಡಿಯಲು 1918ರಲ್ಲಿ ಸಮಿತಿ ಮಾಡಿದರು. ಅಧ್ಯಕ್ಷರು ಯಾರು ಗೊತ್ತಾ? ಹೆಂಡ್ರಿಕ್ ಲೊರೆಂಟ್ಸ್. 1902ರಲ್ಲಿ ಭೌತವಿಜ್ಞಾನದ ನೊಬೆಲ್ ಪಡೆದವರು. ವಯಸ್ಸು ಅರವತ್ತು ದಾಟಿತ್ತು. ಕಂಪ್ಯೂಟರ್ ಇಲ್ಲದ ಕಾಲ. ಕಾಲುವೆಗಳನ್ನು ತುಂಡು ತುಂಡು ಮಾಡಿ, ತಳದ ಉಜ್ಜಾಟವನ್ನು ಸರಳ ಮಾಡುವ ಜಾಣ ದಾರಿ ಕಂಡುಕೊಂಡು, ಎಂಟು ವರ್ಷ ಕೂತು 1926ರಲ್ಲಿ ವರದಿ ಕೊಟ್ಟರು. 1932ರಲ್ಲಿ ಕಟ್ಟೆ ಮುಚ್ಚಿದ ಮೇಲೆ ಉಬ್ಬರ ಏರಿತು, ಅವರು ಹೇಳಿದ್ದಕ್ಕೆ ಬಹಳ ಹತ್ತಿರವಾಗಿಯೇ. ಅದನ್ನು ನೋಡಲು ಅವರು ಬದುಕಿರಲಿಲ್ಲ, 1928ರಲ್ಲೇ ತೀರಿಕೊಂಡಿದ್ದರು.

ಆ ಕಟ್ಟೆಯ ತೂಬುಗಳಿಂದ ಈಗಲೂ ಸಿಹಿನೀರು ವಾಡನ್ ಸಮುದ್ರಕ್ಕೆ ಬೀಳುತ್ತದೆ. ಆ ನೀರು ಯಾವ ಬಾಗಿಲಿನಿಂದ ಕಡಲಿಗೆ ಹೋಗುತ್ತದೆ, ಎಷ್ಟು ದಿನ ತೆಗೆದುಕೊಳ್ಳುತ್ತದೆ ಅನ್ನುವುದನ್ನು ನಿರ್ಧರಿಸುವುದರಲ್ಲಿ ಗಾಳಿಗೆ ದೊಡ್ಡ ಪಾಲಿದೆ. ಸಕಲೇಶಪುರದ ಹುಡುಗಿ ಕೇಳಿದ್ದು ಇದೇ ಪ್ರಶ್ನೆ.

ಸಕಲೇಶಪುರದ ವಿಜ್ಞಾನ ಮಿಸ್

ಎಲ್ಲರಿಗೂ ಕೈಮುಗಿದೆ. ಇಡೀ ಎಳೆಯನ್ನು ಮಕ್ಕಳಿಗೆ ಓದಿ ಹೇಳಿದೆ. ಬೆಂಗ್ರೆಯ ಬಲೆಯ ಮಾತು ಬಂದಾಗ ತರಗತಿ ಗಪ್‌ಚಿಪ್. ಈಗ ಇದನ್ನು ಮಾದರಿ ಮಾಡಿ ತೋರಿಸಬೇಕಂತೆ. ಟೇಬಲ್ ಫ್ಯಾನ್ ಇದೆ, ದೊಡ್ಡ ಟ್ರೇ ಇದೆ. ಹೇಗೆ ಮಾಡುವುದು?

ಮೂಡಿಗೆರೆಯಿಂದ ಕಡಲಿಗೆ

ಟ್ರೇಯ ನಡುವೆ ಉದ್ದಕ್ಕೆ ಜೇಡಿಮಣ್ಣಿನ ಗೋಡೆ ಕಟ್ಟಿ. ಎರಡು ತುದಿಯಲ್ಲೂ ನಾಲ್ಕು ಬೆರಳಗಲ ಬಿಡಿ, ನೀರು ಸುತ್ತಿ ಬರಲು. ಒಂದು ಬದಿಗೆ ಮರಳು ತುಂಬಿ ನೀರು ಒಂದು ಸೆಂಟಿಮೀಟರ್ ಇರುವಂತೆ ಮಾಡಿ. ಇನ್ನೊಂದು ಬದಿ ಮೂರು ಸೆಂಟಿಮೀಟರ್. ಫ್ಯಾನನ್ನು ಒಂದು ತುದಿಯಲ್ಲಿ, ನೀರಿನ ಮಟ್ಟಕ್ಕೇ, ಉದ್ದಕ್ಕೆ ಬೀಸುವಂತೆ ಇಡಿ. ಮೇಲಿನ ಓಟ ನೋಡಲು ಭತ್ತದ ಹೊಟ್ಟು ಚಿಮುಕಿಸಿ. ಅಡಿಯ ಓಟಕ್ಕೆ ಪೊಟ್ಯಾಷಿಯಂ ಪರ್ಮಾಂಗನೇಟಿನ ಒಂದೊಂದು ಹರಳು ಹಾಕಿ. ಅದು ತಳದಲ್ಲಿ ಕೂತು ನೇರಳೆ ಬಾಲ ಬಿಡುತ್ತದೆ, ಬಾಲ ಹೋದ ದಿಕ್ಕೇ ಅಡಿಯ ನೀರಿನ ದಿಕ್ಕು. ಫ್ಯಾನ್ ಸಣ್ಣ ವೇಗದಲ್ಲಿರಲಿ. ವಯರು ನೀರಿಗೆ ತಾಗದ ಹಾಗೆ ನೀವೇ ನೋಡಿಕೊಳ್ಳಿ.

ಸಕಲೇಶಪುರದ ವಿಜ್ಞಾನ ಮಿಸ್

ಮಾಡಿದೆವು! ಹೊಟ್ಟು ಎರಡೂ ಬದಿಯಲ್ಲಿ ಫ್ಯಾನಿನಿಂದ ದೂರ ಓಡಿತು. ಆಳದ ಬದಿಯ ತಳದಲ್ಲಿ ನೇರಳೆ ಬಾಲ ಮಾತ್ರ ಫ್ಯಾನಿನ ಕಡೆಗೇ ನಿಧಾನವಾಗಿ ಬಂತು. ಮರಳಿನ ಬದಿಯಲ್ಲಿ ಹಾಗಾಗಲಿಲ್ಲ, ಅಲ್ಲಿ ಬಣ್ಣವೂ ಹೊಟ್ಟಿನ ಹಿಂದೆಯೇ ಹೋಯಿತು. ಆ ಹುಡುಗಿ ಫ್ಯಾನ್ ಆಫ್ ಮಾಡಿ, ಟ್ರೇಯ ಇನ್ನೊಂದು ತುದಿಗೆ ಇಟ್ಟು, ಮತ್ತೆ ಹಾಕಿದಳು. ಬಾಲ ಸ್ವಲ್ಪ ಹೊತ್ತು ಅಲ್ಲೇ ಮುದುಡಿಕೊಂಡು, ಆಮೇಲೆ ಎದುರು ದಿಕ್ಕಿಗೆ ಹೊರಳಿತು. ಮಕ್ಕಳು ಕೂಗಿದ್ದು ಹೆಡ್‌ಮಾಸ್ಟರ್ ಕೋಣೆಗೆ ಕೇಳಿಸಿ ಅವರೂ ಬಂದು ನೋಡಿದರು. ಈಗ ಇವರಿಗೆ ನಿಜವಾದ ಕೆರೆಯಲ್ಲಿ ಅಳೆಯಬೇಕಂತೆ.

ಅರಸೀಕೆರೆ ಲೆಕ್ಕದ ಮೇಷ್ಟ್ರು

ಮಟ್ಟ ಅಳೆಯಲು ಹೋಗಬೇಡಿ ಮಿಸ್, ಸಣ್ಣ ಕೆರೆಯಲ್ಲಿ ಅದು ಅಲೆಯೊಳಗೆ ಮುಚ್ಚಿಹೋಗುತ್ತದೆ. ವೇಗ ಅಳೆಯಿರಿ. ಕಿತ್ತಳೆ ಹಣ್ಣು ತಗೊಳ್ಳಿ. ಅದು ಬಹುಪಾಲು ಮುಳುಗಿ ತೇಲುತ್ತದೆ, ಗಾಳಿ ಅದನ್ನು ನೇರವಾಗಿ ದೂಡುವುದು ಕಡಿಮೆ, ಬಣ್ಣ ದೂರಕ್ಕೂ ಕಾಣುತ್ತದೆ. ಗಾಳಿ ಬರುವ ಕಡೆಯ ದಡದಿಂದ ಬಿಡಿ. ದಡದುದ್ದಕ್ಕೆ ಹಗ್ಗದಲ್ಲಿ ಅಳೆದು ಎರಡು ಗೂಟ ನೆಟ್ಟು, ಹಣ್ಣು ಮೊದಲ ಗೂಟದಿಂದ ಎರಡನೆಯದಕ್ಕೆ ಬರುವ ಹೊತ್ತನ್ನು ಬರೆದುಕೊಳ್ಳಿ. ಗಾಳಿಯ ವೇಗದ ನೂರರಲ್ಲಿ ಎಷ್ಟು ಪಾಲು ಬಂತು ಅಂತ ನೋಡಿ. ಮಕ್ಕಳನ್ನು ನೀರಿಗೆ ಇಳಿಸಬೇಡಿ, ದಡದ ಮೇಲೇ ನಿಲ್ಲಲಿ.

ಕಡೂರು ಕೆರೆ ಬಯಲು

ನಮ್ಮ ಕೆರೆಗೆ ಬನ್ನಿ ಮಿಸ್. ಏರಿಯ ಮೇಲೆ ನಿಂತರೆ ಪೂರ್ತಿ ಕಾಣುತ್ತದೆ. ಹರಿಗೋಲು ಇದೆ, ಹಣ್ಣು ವಾಪಸ್ ಹಿಡಿದು ತರಲು ನಾನು ಬರುತ್ತೇನೆ. ಮಧ್ಯಾಹ್ನದ ಮೇಲೆ ಬಂದರೆ ಗಾಳಿ ಚೆನ್ನಾಗಿರುತ್ತದೆ.